ಬಿಸಿ ಕೋಣೆಯ ಯೋಗ: ಸವಾಲು ಮುಗಿದ ಮೇಲೆ

ಹಾಟ್ ಯೋಗ ಎಂದು ದೊಡ್ಡ ನಗರಗಳಲ್ಲಿ ಹೆಸರಾಗಿರುವ ಅಭ್ಯಾಸವೆಂದರೆ, ಹೀಟರುಗಳಿಂದ ಬೇಕೆಂದೇ ಕಾಯಿಸಿ, ತೇವಾಂಶವನ್ನೂ ಹೆಚ್ಚಿಸಿದ ಮುಚ್ಚಿದ ಕೋಣೆಯೊಂದರಲ್ಲಿ ಹತ್ತಾರು ಜನ ಒಟ್ಟಾಗಿ ಆಸನಗಳನ್ನು ಮಾಡುವ ಕ್ರಮ. ಈ ಅಭ್ಯಾಸದ ಸುತ್ತ ಕೆಲವು ದಶಕಗಳಲ್ಲಿ ಬೆಳೆದು ನಿಂತಿರುವ ಪದ್ಧತಿ ‘ಚಾಲೆಂಜ್’: 30 ದಿನ, 60 ದಿನ, ಕೆಲವೊಮ್ಮೆ 100 ದಿನ ಒಂದು ದಿನವೂ ಬಿಡದೆ ತರಗತಿಗೆ ಹಾಜರಾಗುವುದು, ಗೋಡೆಯ ಮೇಲಿನ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ದಿನಕ್ಕೊಂದು ಸ್ಟಿಕ್ಕರ್ ಅಂಟಿಸುವುದು, ನಡುವೆ ಒಂದು ದಿನ ತಪ್ಪಿದರೆ ಇನ್ನೊಂದು ದಿನ ಎರಡೆರಡು ತರಗತಿ ಮಾಡಿ ಖಾಲಿ ಉಳಿದ ಚೌಕವನ್ನು ತುಂಬುವುದು. ಹೀಗೆ ಒಂದೇ ದಿನ ಎರಡು ತರಗತಿ ಮಾಡುವುದಕ್ಕೆ ಅಭ್ಯಾಸಿಗಳ ಮಾತಿನಲ್ಲಿ ‘ಡಬಲ್’ ಎಂದೇ ಹೆಸರು. ಪಟ್ಟಿ ತುಂಬಿದ ದಿನ ಚಪ್ಪಾಳೆ ಬೀಳುತ್ತದೆ, ಫೋಟೊ ತೆಗೆಯಲಾಗುತ್ತದೆ, ಮರುದಿನದಿಂದಲೇ ಮುಂದಿನ ಸವಾಲು ಎಷ್ಟು ದಿನದ್ದು ಎಂಬ ಮಾತು ಶುರುವಾಗುತ್ತದೆ. ಆದರೆ ದೇಹಕ್ಕೆ ಈ ಪಟ್ಟಿಯನ್ನು ಓದಲು ಬರುವುದಿಲ್ಲ. ಅದು ಲೆಕ್ಕ ಇಡುವುದು ತನ್ನ ಮೇಲೆ ಬಿದ್ದ ಭಾರ ಎಷ್ಟು, ಅದರಿಂದ ಚೇತರಿಸಿಕೊಳ್ಳಲು ಸಿಕ್ಕ ಬಿಡುವು ಎಷ್ಟು ಎಂಬುದನ್ನು ಮಾತ್ರ. ಮುಂದಿನ ಗುರಿಯನ್ನು ದಿನಗಳ ಸಂಖ್ಯೆಯ ಮೇಲೆ ಕಟ್ಟದೆ ಸಾಮರ್ಥ್ಯದ ಮೇಲೆ ಕಟ್ಟುವುದು ಏಕೆ ಉಚಿತ ಎಂಬುದು, ಆ ಬಿಸಿ ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಸ್ಪಷ್ಟವಾಗುತ್ತದೆ.

ಈ ಅಭ್ಯಾಸಕ್ಕೆ ಇಂದಿನ ರೂಪ ಕೊಟ್ಟು ಜಗತ್ತಿಗೆ ಹರಡಿದವರು ಕಲ್ಕತ್ತೆಯ ಬಿಕ್ರಮ್ ಚೌಧುರಿ. ಅವರ ಗುರು ಬಿಷ್ಣುಚರಣ ಘೋಷ್ (1903–1970), ಪರಮಹಂಸ ಯೋಗಾನಂದರ ತಮ್ಮ. 1923ರಲ್ಲಿ ಕಲ್ಕತ್ತೆಯಲ್ಲಿ ವ್ಯಾಯಾಮ ಶಾಲೆಯೊಂದನ್ನು ಸ್ಥಾಪಿಸಿ, ಹಠಯೋಗದ ಆಸನಗಳನ್ನೂ ಭಾರ ಎತ್ತುವ ಅಂಗಸಾಧನೆಯನ್ನೂ ಒಂದೇ ಸೂರಿನಡಿ ಕಲಿಸಿದವರು, ಬಂದವರ ದೇಹಸ್ಥಿತಿಯನ್ನು ನೋಡಿ ಅವರಿಗೆ ತಕ್ಕ ಕೆಲವೇ ಆಸನಗಳನ್ನು ಆಯ್ದು ಹೇಳಿಕೊಟ್ಟವರು. 1970ರ ದಶಕದ ಆರಂಭದಲ್ಲಿ ಅಮೆರಿಕ ಸೇರಿದ ಶಿಷ್ಯ ಈ ಪರಂಪರೆಯಿಂದ 26 ಆಸನಗಳನ್ನೂ ಎರಡು ಉಸಿರಾಟದ ಅಭ್ಯಾಸಗಳನ್ನೂ ಆರಿಸಿ, ಎಲ್ಲರಿಗೂ ಒಂದೇ ಅಳತೆಯ 90 ನಿಮಿಷಗಳ ಕ್ರಮವನ್ನಾಗಿ ಹೊಲಿದರು. ಕೋಣೆಯ ಉಷ್ಣತೆ 105 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 40.6 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 40. ನಿಂತು ಮಾಡುವ ದೀರ್ಘ ಉಸಿರಾಟದಿಂದ ಆರಂಭವಾಗಿ ವಜ್ರಾಸನದಲ್ಲಿ ಕುಳಿತು ಮಾಡುವ ಕಪಾಲಭಾತಿಯಲ್ಲಿ ಮುಗಿಯುವ ಈ ಕ್ರಮದಲ್ಲಿ ಬಹುತೇಕ ಎಲ್ಲ ಆಸನಗಳನ್ನೂ ಎರಡೆರಡು ಬಾರಿ ಮಾಡಲಾಗುತ್ತದೆ, ಮತ್ತು ಲಂಡನ್ನಿನಲ್ಲಿರಲಿ, ಟೋಕಿಯೊದಲ್ಲಿರಲಿ, ಅದೇ ಆಸನ ಅದೇ ಸರದಿಯಲ್ಲಿ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಎಂದಿದ್ದ ಗುರುವಿನ ಪದ್ಧತಿ ಶಿಷ್ಯನ ಕೈಯಲ್ಲಿ ಎಲ್ಲರಿಗೂ ಒಂದೇ ಎಂದಾದದ್ದು ಈ ಕಥೆಯ ದೊಡ್ಡ ತಿರುವು. ದಿನ ಎಣಿಸುವ ಸವಾಲು ಹುಟ್ಟಲು ಸಾಧ್ಯವಾದದ್ದೂ ಕ್ರಮ ಹೀಗೆ ಏಕರೂಪವಾದುದರಿಂದಲೇ.

ಈ ಸರದಿ ತನ್ನ ಸೊತ್ತು ಎಂದು ಚೌಧುರಿ ನ್ಯಾಯಾಲಯಕ್ಕೂ ಹೋದರು. 2015ರಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ, ಆರೋಗ್ಯಕ್ಕಾಗಿ ರೂಪಿಸಿದ ಆಸನಗಳ ಅನುಕ್ರಮವು ಒಂದು ವಿಧಾನವೇ ಹೊರತು ಕೃತಿಸ್ವಾಮ್ಯ ಪಡೆಯಬಹುದಾದ ಕೃತಿಯಲ್ಲ ಎಂದು ತೀರ್ಪಿತ್ತಿತು. ಮರುವರ್ಷ ಲಾಸ್ ಏಂಜಲೀಸಿನ ಜ್ಯೂರಿಯೊಂದು ಲೈಂಗಿಕ ಕಿರುಕುಳ ಮತ್ತು ಅನ್ಯಾಯದ ವಜಾ ಪ್ರಕರಣದಲ್ಲಿ ಅವರ ಸಂಸ್ಥೆಯ ಮಾಜಿ ಕಾನೂನು ಸಲಹೆಗಾರ್ತಿಗೆ 60 ಲಕ್ಷ ಡಾಲರಿಗೂ ಮಿಕ್ಕ ಪರಿಹಾರ ನೀಡುವಂತೆ ಆದೇಶಿಸಿತು. ಚೌಧುರಿ ಅಮೆರಿಕ ಬಿಟ್ಟರು. ಅನೇಕ ಶಾಲೆಗಳು ಅವರ ಹೆಸರನ್ನು ಫಲಕದಿಂದ ಅಳಿಸಿ ‘ಹಾಟ್ ಯೋಗ’, ‘26 ಮತ್ತು 2’ ಎಂಬ ಹೆಸರುಗಳಿಗೆ ಹೊರಳಿದವು, ಕ್ರಮವನ್ನು ಮಾತ್ರ ಹಾಗೆಯೇ ಉಳಿಸಿಕೊಂಡವು.

ಇನ್ನು ಬಿಸಿಯ ವಿಷಯ. ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ, ಚರ್ಮದ್ದು ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಸಾಮಾನ್ಯ ಹವೆಯಲ್ಲಿ ದೇಹ ತನ್ನಲ್ಲಿ ಹುಟ್ಟಿದ ಹೆಚ್ಚುವರಿ ಶಾಖವನ್ನು ಚರ್ಮದ ಮೂಲಕ ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ; ಆದರೆ ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿದ್ದಾಗ ಶಾಖದ ಹರಿವು ತಿರುಗಿ, ಹೊರಗಿನಿಂದ ಒಳಕ್ಕೆ ಬರತೊಡಗುತ್ತದೆ. ಆಗ ಉಳಿಯುವ ಏಕೈಕ ದಾರಿ ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಇಲ್ಲಿ ಗಮನಿಸಬೇಕಾದುದು ‘ಆವಿಯಾದರೆ’ ಎಂಬ ಷರತ್ತನ್ನು. ತೇವ ತುಂಬಿದ ಕೋಣೆಯಲ್ಲಿ, ಗಾಳಿ ಆಡದ ಕಡೆ, ಬೆವರಿನ ಬಹುಪಾಲು ಆವಿಯಾಗದೆ ಮೊಣಕೈಯಿಂದ, ಗಲ್ಲದಿಂದ ತೊಟ್ಟಿಕ್ಕಿ ನೆಲ ಸೇರುತ್ತದೆ. ಹಾಗೆ ತೊಟ್ಟಿಕ್ಕಿದ ಬೆವರು ದೇಹವನ್ನು ಒಂದಿನಿತೂ ತಣಿಸುವುದಿಲ್ಲ. ತರಗತಿಯ ಕೊನೆಗೆ ಟವೆಲಿನಿಂದ ಹಿಂಡಬಹುದಾದಷ್ಟು ನೀರನ್ನು ಕಂಡು ಅಭ್ಯಾಸಿಗಳು ಪಡುವ ಹೆಮ್ಮೆ ಆದ್ದರಿಂದ ಸ್ವಲ್ಪ ಅಸ್ಥಾನದಲ್ಲಿದೆ: ಅದು ಪಟ್ಟ ಶ್ರಮದ ಅಳತೆಯೆನ್ನುವುದಕ್ಕಿಂತ ತಣಿಯಲು ಯತ್ನಿಸಿ ದೇಹ ಸೋತುದರ ಅಳತೆ.

ಇದರ ಜೊತೆಗೆ ಹೃದಯದ ಮೇಲೊಂದು ಇಕ್ಕಟ್ಟು ಬೀಳುತ್ತದೆ. ಶಾಖವನ್ನು ಹೊರಹಾಕಲು ರಕ್ತ ಚರ್ಮದ ಕಡೆಗೆ ಧಾವಿಸಬೇಕು, ಆಸನ ಮಾಡುತ್ತಿರುವ ಸ್ನಾಯುಗಳಿಗೂ ರಕ್ತ ಬೇಕು, ಬೆವರಿನಿಂದಾಗಿ ರಕ್ತದ ನೀರಿನಂಶವೋ ಕಡಿಮೆಯಾಗುತ್ತಿರುತ್ತದೆ. ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಕುಗ್ಗಿದಾಗ ಬಡಿತದ ವೇಗ ಏರಲೇಬೇಕು. ಕೈಗಡಿಯಾರದ ಪರದೆಯ ಮೇಲೆ ಓಟಗಾರನ ಹೃದಯಬಡಿತ ಕಾಣಿಸಿಕೊಳ್ಳುವುದು ಹೀಗೆ. ಆದರೆ ಸ್ನಾಯುಗಳು ಓಟಗಾರನಷ್ಟು ಆಮ್ಲಜನಕವನ್ನು ಬಳಸುತ್ತಿರುವುದಿಲ್ಲ. ಹೃದಯಬಡಿತದ ಮೇಲೆಯೇ ಲೆಕ್ಕ ಹಾಕುವ ಗಡಿಯಾರ ಒಂದೇ ತರಗತಿಯಲ್ಲಿ ಸಾವಿರ ಕ್ಯಾಲೊರಿ ಕರಗಿತೆಂದು ತೋರಿಸಿದರೂ, ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಅಭ್ಯಾಸಿಗಳ ಉಸಿರಿನ ಅನಿಲಗಳನ್ನು ಅಳೆದು ನೋಡಿದಾಗ 90 ನಿಮಿಷಗಳಿಗೆ ಗಂಡಸರಲ್ಲಿ ಸರಾಸರಿ 460, ಹೆಂಗಸರಲ್ಲಿ 330 ಕಿಲೋಕ್ಯಾಲೊರಿಯಷ್ಟೇ ಕಂಡವು. ಇದು ಅಷ್ಟೇ ಹೊತ್ತಿನ ಚುರುಕು ನಡಿಗೆಗೆ ಸಮೀಪದ ಅಂಕಿ. ತರಗತಿಯ ಮುಂಚೆ ಮತ್ತು ನಂತರ ತೂಕ ನೋಡಿಕೊಂಡು ಒಂದು ಕಿಲೋ ಇಳಿದೆ ಎನ್ನುವವರು ಕಳೆದುಕೊಂಡಿರುವುದು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು. ರಾತ್ರಿಯ ಊಟ, ನೀರಿನೊಂದಿಗೆ ಅದು ಮರಳುತ್ತದೆ, ಮರಳಲೂ ಬೇಕು. ಬೆವರಿನಿಂದ ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂಬ ಜನಪ್ರಿಯ ಮಾತಿಗೂ ಬಲವಿಲ್ಲ. ಬೆವರು ಬಹುಪಾಲು ನೀರು, ಸ್ವಲ್ಪ ಉಪ್ಪು. ಕಲ್ಮಶಗಳನ್ನು ಸೋಸುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು, ನೀರು ಸಾಲದಾದಾಗ ಕಷ್ಟಕ್ಕೆ ಸಿಕ್ಕುವುದೂ ಆ ಮೂತ್ರಪಿಂಡಗಳೇ.

ಹಾಗಾದರೆ ಸವಾಲು ಮುಗಿಸಿದವರು ಏನನ್ನೂ ಗಳಿಸುವುದಿಲ್ಲವೇ ಎಂದರೆ, ಖಂಡಿತ ಗಳಿಸುತ್ತಾರೆ. ಮೊದಲ ಗಳಿಕೆ ಶಾಖಕ್ಕೆ ಒಗ್ಗಿಕೊಳ್ಳುವಿಕೆ. ದಿನವೂ ಬಿಸಿಯಲ್ಲಿ ದುಡಿಯುವ ದೇಹದಲ್ಲಿ ಮೊದಲ ನಾಲ್ಕೈದು ದಿನಗಳಲ್ಲೇ ರಕ್ತದ ದ್ರವಾಂಶ ಹೆಚ್ಚಿ, ಅದೇ ಕೆಲಸಕ್ಕೆ ಹೃದಯಬಡಿತ ಇಳಿಯತೊಡಗುತ್ತದೆ. ಒಂದೆರಡು ವಾರಗಳೊಳಗೆ ಬೆವರು ಬೇಗ ಶುರುವಾಗಿ ಹೆಚ್ಚು ಸುರಿಯುತ್ತದೆ, ಅದರಲ್ಲಿನ ಉಪ್ಪಿನ ಪ್ರಮಾಣ ಕಡಿಮೆಯಾಗುತ್ತದೆ. ಆರಂಭದ ದಿನಗಳಲ್ಲಿ ಉಷ್ಟ್ರಾಸನದ ನಂತರ ಕಣ್ಣುಕತ್ತಲೆ ಬಂದು ಮಲಗಿಬಿಡುತ್ತಿದ್ದವರು ಎರಡನೆಯ ವಾರದ ಕೊನೆಗೆ ತರಗತಿಯುದ್ದಕ್ಕೂ ನಿಲ್ಲಬಲ್ಲವರಾಗುವುದಕ್ಕೆ ಮನೋಬಲದಷ್ಟೇ ಈ ಬದಲಾವಣೆಯೂ ಕಾರಣ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ರಸ್ತೆಗೆ ಡಾಂಬರು ಹಾಕುವವರು, ಹೊಲದಲ್ಲಿ ಕೂಲಿ ಮಾಡುವವರು ಯಾವ ಶುಲ್ಕವನ್ನೂ ತೆರದೆ, ಯಾವ ಪಟ್ಟಿಯಲ್ಲೂ ಸ್ಟಿಕ್ಕರ್ ಅಂಟಿಸದೆ ಈ ಒಗ್ಗಿಕೆಯನ್ನು ಪ್ರತಿವರ್ಷ ಪಡೆಯುತ್ತಾರೆ ಎಂಬುದನ್ನು ಇಲ್ಲಿ ನೆನೆಯದಿರುವುದು ಕಷ್ಟ.

ಎರಡನೆಯ ಗಳಿಕೆ ಆಸನಗಳದು, ಅದನ್ನು ಬಿಸಿಯ ಗಳಿಕೆಯಿಂದ ಬೇರ್ಪಡಿಸಿ ನೋಡಬೇಕು. ಕೊಲರಾಡೊದ ಅದೇ ವಿಶ್ವವಿದ್ಯಾಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೋಗ್ಯವಂತ ಯುವಜನರು ಎಂಟು ವಾರಗಳಲ್ಲಿ 24 ತರಗತಿಗಳನ್ನು ಮಾಡಿದ ಬಳಿಕ ಅವರ ಬೆನ್ನು, ತೊಡೆಯ ಹಿಂಭಾಗ ಮತ್ತು ಭುಜಗಳ ಬಾಗುವಿಕೆ ಹೆಚ್ಚಿತ್ತು, ನೆಲದಿಂದ ಭಾರ ಎಳೆಯುವ ಬಲವೂ ಹೆಚ್ಚಿತ್ತು, ಕೊಬ್ಬು ತುಸು ಇಳಿದಿತ್ತು. ಆದರೆ ದೇಹ ಗರಿಷ್ಠ ಶ್ರಮದಲ್ಲಿ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬ ಅಳತೆ, ಅಂದರೆ ಹೃದಯ ಮತ್ತು ಶ್ವಾಸಕೋಶಗಳ ದಮ್ಮು, ಇದ್ದಲ್ಲೇ ಇತ್ತು. 2018ರಲ್ಲಿ ಟೆಕ್ಸಾಸ್ ರಾಜ್ಯ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವ್ಯಾಯಾಮವಿಲ್ಲದೆ ಕುಳಿತೇ ದಿನ ಕಳೆಯುತ್ತಿದ್ದ ನಡುವಯಸ್ಕರ ಒಂದು ಗುಂಪಿಗೆ 40.5 ಡಿಗ್ರಿಯಲ್ಲೂ ಮತ್ತೊಂದು ಗುಂಪಿಗೆ 23 ಡಿಗ್ರಿಯಲ್ಲೂ ಅದೇ 26 ಆಸನಗಳನ್ನು 12 ವಾರ ಮಾಡಿಸಿತು. ರಕ್ತನಾಳಗಳು ಹಿಗ್ಗುವ ಗುಣ ಎರಡೂ ಗುಂಪುಗಳಲ್ಲಿ ಸುಧಾರಿಸಿತು. ಅದಕ್ಕೆ ಬಿಸಿ ಬೇಕಾಗಿರಲಿಲ್ಲ. ಕೊಬ್ಬಿನ ಪ್ರಮಾಣ ಇಳಿದದ್ದು ಬಿಸಿ ಕೋಣೆಯ ಗುಂಪಿನಲ್ಲಿ ಮಾತ್ರ ಎಂಬುದನ್ನೂ ಹೇಳಬೇಕು, ಆದರೆ ಹೃದಯದ ಹಿತಕ್ಕಾಗಿಯೇ ಹೀಟರ್ ಹಚ್ಚಬೇಕೆಂಬ ವಾದಕ್ಕೆ ಆ ಪ್ರಯೋಗ ಆಸರೆ ಕೊಡಲಿಲ್ಲ.

ಹಠಯೋಗದ ಹಳೆಯ ಗ್ರಂಥಗಳು ಬೆವರನ್ನು ಬಲ್ಲವು. 15ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಹೇಳಲಾಗುವ ‘ಹಠಯೋಗಪ್ರದೀಪಿಕೆ’ ಪ್ರಾಣಾಯಾಮದ ಶ್ರಮದಿಂದ ಹುಟ್ಟಿದ ಬೆವರನ್ನು ಮೈಗೇ ತಿಕ್ಕಿಕೊಳ್ಳಬೇಕೆಂದೂ ಅದರಿಂದ ಶರೀರ ದೃಢವೂ ಹಗುರವೂ ಆಗುತ್ತದೆಂದೂ ಹೇಳುತ್ತದೆ. ಬಿಸಿ ಯೋಗದ ಪ್ರಚಾರಕರಿಗೆ ಇದು ಅನುಕೂಲದ ಮಾತು. ಆದರೆ ಅದೇ ಗ್ರಂಥ ಅಭ್ಯಾಸಿ ಬಿಡಬೇಕಾದವುಗಳಲ್ಲಿ ಬೆಂಕಿಯ ಸಾಮೀಪ್ಯವನ್ನೂ ಉಪವಾಸವನ್ನೂ ದೇಹವನ್ನು ದಂಡಿಸುವ ಕ್ರಮಗಳನ್ನೂ ಸೇರಿಸುತ್ತದೆ, ಅತಿಯಾದ ಶ್ರಮವನ್ನು ಯೋಗ ಕೆಡಿಸುವ ಕಾರಣಗಳಲ್ಲಿ ಒಂದೆಂದು ಎಣಿಸುತ್ತದೆ. ಅಲ್ಲಿಯ ಬೆವರು ಒಳಗಿನ ದುಡಿಮೆಯಿಂದ ಬಂದುದು. ಗೋಡೆಗೆ ತಗುಲಿಸಿದ ಯಂತ್ರದಿಂದ ಬಂದ ಬೆವರಿಗೆ ಆ ಶ್ಲೋಕದ ಪ್ರಮಾಣಪತ್ರ ಸಿಗುವುದಿಲ್ಲ.

ಮೂರನೆಯ ಗಳಿಕೆ, ಪ್ರಾಯಶಃ ಎಲ್ಲಕ್ಕಿಂತ ದೊಡ್ಡದು, ರೂಢಿ. ಗಡುವು ಹಾಕಿಕೊಂಡು ನಿಯಮ ಹಿಡಿಯುವುದು ಕನ್ನಡಿಗರಿಗೆ ಹೊಸದಲ್ಲ. 48 ದಿನಗಳ ಮಂಡಲ, ಶಬರಿಮಲೆಗೆ ಹೋಗುವವರ 41 ದಿನಗಳ ವ್ರತ, ರಥಸಪ್ತಮಿಯಂದು ಹಾಕುವ 108 ಸೂರ್ಯನಮಸ್ಕಾರ ಎಲ್ಲವೂ ಸಂಖ್ಯೆಯ ಬಲದಿಂದ ಮನಸ್ಸನ್ನು ಕಟ್ಟುವ ಉಪಾಯಗಳೇ. 21 ದಿನಗಳಲ್ಲಿ ಅಭ್ಯಾಸ ಅಂಟಿಕೊಳ್ಳುತ್ತದೆ ಎಂಬ ಪ್ರಚಲಿತ ಮಾತು, ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ತಮ್ಮ ರೋಗಿಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುತ್ತಿದ್ದ ಕಾಲದ ಬಗ್ಗೆ 1960ರ ಪುಸ್ತಕದಲ್ಲಿ ಬರೆದ ಅನಿಸಿಕೆಯಿಂದ ಹಬ್ಬಿದ್ದು. ಆತ ‘ಕನಿಷ್ಠ’ 21 ದಿನ ಎಂದಿದ್ದರು, ಆ ‘ಕನಿಷ್ಠ’ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ, ಒಂದು ಕೆಲಸ ಯೋಚಿಸದೆ ತಾನಾಗಿ ನಡೆಯುವ ಹಂತ ತಲುಪಲು ನಡುವಿನ ಅಂಕಿಯಾಗಿ 66 ದಿನ ಹಿಡಿಯುತ್ತದೆಂದು ಕಂಡಿತು. ಆ 12 ವಾರಗಳ ಗತಿಯನ್ನು ಮುಂದಕ್ಕೆ ಚಾಚಿ ಅಂದಾಜಿಸಿದಾಗ ವ್ಯಕ್ತಿಗಳ ನಡುವೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು, ವ್ಯಾಯಾಮದಂಥ ಕಷ್ಟದ ರೂಢಿಗಳು ಒಂದು ಲೋಟ ನೀರು ಕುಡಿಯುವಂಥ ಸರಳ ರೂಢಿಗಳಿಗಿಂತ ನಿಧಾನವಾಗಿ ಬೇರು ಬಿಟ್ಟವು. ಬಿಸಿ ಯೋಗದ ಸವಾಲಿಗೆ ನೇರವಾಗಿ ತಟ್ಟುವ ಅಂಶ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಗಣನೀಯ ಹಾನಿಯಾಗಲಿಲ್ಲ. ಹಾಗಿರುವಾಗ ತಪ್ಪಿದ ದಿನಕ್ಕಾಗಿ ಮಾಡುವ ಡಬಲ್, ಅಂದರೆ ಒಂದೇ ದಿನ ಮೂರು ಗಂಟೆ 40 ಡಿಗ್ರಿಯಲ್ಲಿ ಕಳೆಯುವುದು, ಖಾಲಿ ಚೌಕದ ಸಮಾಧಾನಕ್ಕಲ್ಲದೆ ಬೇರೆ ಯಾವುದಕ್ಕೂ ಒದಗುವುದಿಲ್ಲ.

ಬಿಡುವನ್ನು ಅಭ್ಯಾಸದ ಒಳಗೇ ಇಟ್ಟ ಪದ್ಧತಿಯೊಂದು ಮೈಸೂರಿನಲ್ಲಿ ಬೆಳೆಯಿತು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದರು, 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲೇ ಪ್ರಕಟಿಸಿದರು. ಅವರ ಶಿಷ್ಯ, ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು (1915–2009) ಅಷ್ಟಾಂಗ ವಿನ್ಯಾಸ ಎಂಬ ಹೆಸರಿನಲ್ಲಿ ರೂಪಿಸಿದ ಕ್ರಮವೂ ಬಿಕ್ರಮರದರಂತೆ ನಿಶ್ಚಿತ ಸರದಿಯದೇ, ಬೆವರಿಳಿಸುವಂಥದ್ದೇ. ಆದರೆ ಅಲ್ಲಿ ಬಿಸಿ ಹುಟ್ಟುವುದು ಉಸಿರು ಮತ್ತು ಚಲನೆ ಸೇರಿ, ಕೋಣೆಯಿಂದಲ್ಲ. ವಾರಕ್ಕೊಂದು ದಿನ, ಜೊತೆಗೆ ಹುಣ್ಣಿಮೆ ಅಮಾವಾಸ್ಯೆಗಳಂದು ಅಭ್ಯಾಸಕ್ಕೆ ರಜೆ. ಇದಕ್ಕಿಂತ ಮುಖ್ಯವಾದುದು ಆಸನಗಳನ್ನು ‘ಕೊಡುವ’ ರೀತಿ: ಈಗ ಮಾಡುತ್ತಿರುವ ಆಸನ ಸ್ಥಿರವಾಗುವವರೆಗೆ ಗುರು ಮುಂದಿನದನ್ನು ಕೊಡುವುದಿಲ್ಲ, ಅದಕ್ಕೆ ಒಂದು ವಾರವೇ ಆಗಲಿ ಆರು ತಿಂಗಳೇ ಆಗಲಿ. ದೂರದೇಶಗಳಿಂದ ಮೈಸೂರಿನ ಗೋಕುಲಂಗೆ ಬಂದು ತಿಂಗಳುಗಟ್ಟಲೆ ಒಂದೇ ಆಸನದಲ್ಲಿ ನಿಂತುಬಿಟ್ಟ ವಿದ್ಯಾರ್ಥಿಗಳ ಅಸಹನೆ ಆ ಬಡಾವಣೆಯ ಕಾಫಿ ಅಂಗಡಿಗಳ ಸಾಮಾನ್ಯ ಮಾತು. ಆ ಅಸಹನೆಯನ್ನು ಅರ್ಥಮಾಡಿಕೊಳ್ಳಬಹುದು, ಆದರೂ ಗುರಿ ಇಡುವ ವಿಧಾನವಾಗಿ ಇದು ಸ್ಟಿಕ್ಕರಿನ ಪಟ್ಟಿಗಿಂತ ಬಹಳ ಮೇಲಿನದು.

ಬಿಸಿ ಯೋಗದ ಕ್ರಮದೊಳಗೇ ಇಂಥ ಹಂತಗಳು ಅಡಗಿವೆ, ದಿನ ಎಣಿಸುವ ಭರದಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ದಂಡಾಯಮಾನ ಜಾನುಶಿರಾಸನವನ್ನು, ಅಂದರೆ ಒಂಟಿಕಾಲಿನಲ್ಲಿ ನಿಂತು ಹಣೆಯನ್ನು ಮೊಣಕಾಲಿಗೆ ತರುವ ಆಸನವನ್ನು, ಹತ್ತಿರದಿಂದ ನೋಡಬಹುದು. ಮೊದಲು ದೇಹದ ಭಾರವನ್ನೆಲ್ಲ ಎಡಗಾಲಿಗೆ ವರ್ಗಾಯಿಸಿ, ಬಗ್ಗಿ, ಬಲಗಾಲನ್ನು ಮೇಲೆತ್ತಿ, ಹತ್ತೂ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಪಾದದ ಅಡಿಯಲ್ಲಿ, ಕಾಲ್ಬೆರಳುಗಳಿಗೆ ತುಸು ಕೆಳಗೆ ಹಿಡಿಯಬೇಕು. ಅಷ್ಟರಲ್ಲಿ ಮೊಣಕಾಲಿನಿಂದ ಇಳಿದ ಬೆವರು ಅಂಗೈ ಸೇರಿ ಹಿಡಿತ ಜಾರತೊಡಗುತ್ತದೆ, ನಿಂತ ಕಾಲಿನ ಹಿಮ್ಮಡಿ ಮತ್ತು ಹೆಬ್ಬೆರಳಿನ ನಡುವೆ ಪಾದದ ಸಣ್ಣ ಸ್ನಾಯುಗಳು ಸಮತೋಲಕ್ಕಾಗಿ ಎಡೆಬಿಡದೆ ತಡಕಾಡುತ್ತಿರುತ್ತವೆ. ಈ ಸ್ಥಿತಿಯಲ್ಲಿ ನಿಂತ ಕಾಲು ನೆಟ್ಟಗೆ ಉಳಿದರೆ ಮಾತ್ರ ಎರಡನೆಯ ಹಂತ: ಹಿಡಿದ ಕಾಲನ್ನು ನೆಲಕ್ಕೆ ಸಮಾಂತರವಾಗಿ ಮುಂದಕ್ಕೆ ಚಾಚುವುದು. ಅದು ನಿಂತರೆ ಮೂರನೆಯದು, ಮೊಣಕೈಗಳನ್ನು ಮೀನಖಂಡದ ಕೆಳಗೆ ಇಳಿಸುವುದು. ಅದೂ ನಿಂತರೆ ನಾಲ್ಕನೆಯದು, ಹಣೆ ಮೊಣಕಾಲಿಗೆ. ಮೊದಲ ಸುತ್ತಿನಲ್ಲಿ ಒಂದೊಂದು ಕಾಲಿಗೆ ಒಂದು ನಿಮಿಷ. ಶಿಕ್ಷಕರು ‘ಮೊಣಕಾಲಿಗೆ ಬೀಗ ಹಾಕಿ’ ಎಂದು ಪದೇಪದೇ ಕೂಗುವ ಮಾತನ್ನು ಇಲ್ಲಿ ಎಚ್ಚರದಿಂದ ತೆಗೆದುಕೊಳ್ಳಬೇಕು: ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದು ಮಂಡಿಚಿಪ್ಪನ್ನು ಮೇಲೆಳೆಯುವುದು ಸರಿ, ಕೀಲನ್ನೇ ಹಿಂದಕ್ಕೆ ಒತ್ತಿ ಅದರ ಮೇಲೆ ಜೋತುಬೀಳುವುದು ತಪ್ಪು. ಬಿಸಿಯಲ್ಲಿ ಎಳೆತದ ನೋವು ಮಂದವಾಗುವುದರಿಂದ ಈ ತಪ್ಪು ಆ ಹೊತ್ತಿಗೆ ಗೊತ್ತಾಗುವುದೂ ಇಲ್ಲ. ಸವಾಲನ್ನು ಮುಗಿಸಿದವರಲ್ಲಿ ಎಷ್ಟೋ ಜನ ಮೊದಲ ಹಂತದಲ್ಲೇ ಇರುತ್ತಾರೆ, ಅದರಲ್ಲಿ ಕುಂದೇನೂ ಇಲ್ಲ. ಎರಡೂ ಕಾಲುಗಳ ಮೇಲೆ ಪೂರ್ತಿ ಒಂದು ನಿಮಿಷ, ಹಿಡಿತ ಬಿಡದೆ, ಸತತ ಮೂರು ತರಗತಿಗಳಲ್ಲಿ ನಿಲ್ಲಬಲ್ಲವರಾಗುವುದು ಇನ್ನೊಂದು 30 ದಿನಗಳ ಪಟ್ಟಿಗಿಂತ ಒಳ್ಳೆಯ ಗುರಿ. ಅದು ಆಯಿತೋ ಇಲ್ಲವೋ ಎಂಬುದು ಕನ್ನಡಿಯಲ್ಲೇ ಕಾಣುತ್ತದೆ.

ಆಸನದ ಗುರಿಗಳಷ್ಟರಿಂದಲೇ ಕೆಲಸ ಪೂರ್ತಿಯಾಗುವುದಿಲ್ಲ, ಏಕೆಂದರೆ 26 ಆಸನಗಳ ಈ ಕ್ರಮದಲ್ಲಿ ಇಲ್ಲದವುಗಳ ಪಟ್ಟಿಯೂ ಉದ್ದವಾಗಿದೆ. ಸೂರ್ಯನಮಸ್ಕಾರವಿಲ್ಲ, ಅಧೋಮುಖ ಶ್ವಾನಾಸನವಿಲ್ಲ, ಚತುರಂಗ ದಂಡಾಸನವಿಲ್ಲ, ಶೀರ್ಷಾಸನ ಸರ್ವಾಂಗಾಸನಗಳಿಲ್ಲ. ಅಂದರೆ ದೇಹದ ಭಾರವನ್ನು ತೋಳುಗಳ ಮೇಲೆ ಹೊರುವ ಸಂದರ್ಭವೇ ಬಹುಮಟ್ಟಿಗೆ ಬರುವುದಿಲ್ಲ. ಭಾರವನ್ನು ತನ್ನ ಕಡೆಗೆ ಎಳೆದುಕೊಳ್ಳುವ ಚಲನೆಯಂತೂ ಯಾವ ಆಸನಪದ್ಧತಿಯಲ್ಲೂ ವಿರಳ. ದಮ್ಮು ಹೆಚ್ಚಲಿಲ್ಲ ಎಂಬುದನ್ನು ಕೊಲರಾಡೊದ ಅಧ್ಯಯನವೇ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ, ಅಥವಾ 75ರಿಂದ 150 ನಿಮಿಷ ಬಿರುಸಿನ ದೈಹಿಕ ಚಟುವಟಿಕೆ ಬೇಕು. ಅದರ ಜೊತೆಗೆ ಮುಖ್ಯ ಸ್ನಾಯುಗಳಿಗೆಲ್ಲ ಕೆಲಸ ಕೊಡುವ ಬಲವರ್ಧಕ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಬೇಕು. 65 ದಾಟಿದವರಿಗೆ ಸಮತೋಲದ ಅಭ್ಯಾಸ ಮೂರು ದಿನ. ಈ ಅಳತೆಗೋಲನ್ನು ಹಿಡಿದರೆ, ತಿಂಗಳಿಡೀ ಬಿಸಿ ಕೋಣೆಯಲ್ಲಿ ಬೆವರಿಳಿಸಿದವರ ಸಮತೋಲಕ್ಕೂ ಬಾಗುವಿಕೆಗೂ ಒಳ್ಳೆಯ ಅಂಕ ಬರುತ್ತದೆ, ತೋಳಿನ ಬಲಕ್ಕೂ ದಮ್ಮಿಗೂ ಬರುವುದಿಲ್ಲ. ಹೊಸ ಗುರಿ ಇರಬೇಕಾದುದು ಆ ಕೊರತೆ ಇರುವ ಕಡೆ. ಇರುವ ಬಲವನ್ನೇ ಇನ್ನೊಂದು ತಿಂಗಳು ಉಜ್ಜುವುದರಲ್ಲಿ ಅಲ್ಲ.

ಇದಕ್ಕೆ ದುಬಾರಿ ಜಿಮ್ ಬೇಕಿಲ್ಲ. ಗರಡಿಮನೆಯ ದಂಡ ಮತ್ತು ಬಸ್ಕಿ ತೋಳು, ಎದೆ, ತೊಡೆಗಳಿಗೆ ಕೆಲಸ ಕೊಡುತ್ತವೆ. ಎಳೆಯುವ ಬಲಕ್ಕೆ ಗಟ್ಟಿಯಾದ ಕಂಬಿಗೆ ಜೋತುಬೀಳುವುದರಿಂದ ಆರಂಭಿಸಬಹುದು, ಉತ್ತರ ಕರ್ನಾಟಕದ ಊರುಗಳಲ್ಲಿ ಇಂದಿಗೂ ನಡೆಯುವ ಮಲ್ಲಕಂಬ ಹತ್ತುವ ಮಕ್ಕಳ ಬೆನ್ನು ಭುಜಗಳನ್ನು ನೋಡಿದವರಿಗೆ ಆ ಬಲ ಏನೆಂದು ಹೇಳಬೇಕಾಗಿಲ್ಲ. ದಮ್ಮಿಗಾಗಿ ನಡಿಗೆ, ಸೈಕಲ್, ಈಜು ಯಾವುದಾದರೂ ಆದೀತು. ಮಾತನಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎನ್ನುವಷ್ಟು ಉಸಿರು ಏರಿದರೆ ಅದು ಮಧ್ಯಮ ತೀವ್ರತೆ, ನಾಲ್ಕೈದು ಪದಗಳಿಗಿಂತ ಹೆಚ್ಚು ಆಡಲಾಗದಿದ್ದರೆ ಬಿರುಸಿನದು. ವಾರಕ್ಕೆ ಮೂರು ಬಾರಿ ಬಿಸಿ ಕೋಣೆ, ಎರಡು ಬಾರಿ ಬಲದ ಅಭ್ಯಾಸ, ಒಂದು ದಿನ ನಡಿಗೆ, ಕಡೆಗೊಂದು ದಿನ ಪೂರ್ತಿ ಬಿಡುವು ಎಂಬ ಹಂಚಿಕೆ ಬಹುಜನರಿಗೆ ಹೊಂದುತ್ತದೆ. ಟೆಕ್ಸಾಸಿನ ಪ್ರಯೋಗದಲ್ಲೂ ಕೊಲರಾಡೊದ ಪ್ರಯೋಗದಲ್ಲೂ ಫಲ ಕಂಡದ್ದು ವಾರಕ್ಕೆ ಮೂರು ತರಗತಿಗಳಿಂದ, ಏಳರಿಂದಲ್ಲ. ಗುರಿಯನ್ನು ಬರೆದಿಟ್ಟುಕೊಳ್ಳುವಾಗ ‘ಫಿಟ್ ಆಗಬೇಕು’ ಎಂದು ಬರೆಯುವುದಕ್ಕಿಂತ, ಎಂಟು ವಾರಗಳ ಕೊನೆಗೆ ಮಂಡಿ ಊರದೆ ಹತ್ತು ದಂಡ, ಕಂಬಿಗೆ ಅರ್ಧ ನಿಮಿಷ ಜೋತು, ನಿಲ್ಲದೆ ಐದು ಕಿಲೋಮೀಟರ್ ಚುರುಕು ನಡಿಗೆ ಎಂದು ಬರೆಯುವುದು ಲೇಸು. ಸ್ಪಷ್ಟವೂ ಸ್ವಲ್ಪ ಕಷ್ಟದ್ದೂ ಆದ ಗುರಿ, ‘ಆದಷ್ಟು ಮಾಡೋಣ’ ಎಂಬ ಗುರಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಪ್ರಯೋಗಗಳ ಮೂಲಕ ತೋರಿಸಿದ್ದಾರೆ.

ಬಿಸಿ ಕೋಣೆಯನ್ನು ಬಿಡದೆ ಮುಂದುವರಿಸುವವರು ನೀರು ಮತ್ತು ಉಪ್ಪಿನ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ಒಂದು ಲೀಟರ್ ಬೆವರಿನಲ್ಲಿ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂವರೆಗೂ ಸೋಡಿಯಂ ಹೋಗುತ್ತದೆ. ಇದನ್ನು ತುಂಬಿಕೊಳ್ಳದೆ ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಉಂಟಾಗಬಹುದು, ತೀರ ಇಳಿದರೆ ಪ್ರಾಣಕ್ಕೂ ಅಪಾಯ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಉಪ್ಪು ಹಾಕಿದ ನೀರುಮಜ್ಜಿಗೆಯೋ ಗಂಜಿಯೋ ಈ ಕೆಲಸಕ್ಕೆ ಹೆಚ್ಚು ತಕ್ಕದ್ದು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಅಥವಾ ಮೂತ್ರ ಹೆಚ್ಚಿಸಲು ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಶಾಖಾಘಾತಕ್ಕೆ ಒಳಗಾದವರು ವೈದ್ಯರನ್ನು ಕೇಳದೆ ಆ ಕೋಣೆಗೆ ಕಾಲಿಡಬಾರದು. ತರಗತಿಯ ನಡುವೆ ಚಳಿ ಹಿಡಿದಂತಾದರೆ, ಮಾತು ತೊದಲಿದರೆ, ದಿಕ್ಕು ತಪ್ಪಿದಂತಾದರೆ ಮಲಗಿ ಸುಧಾರಿಸಿಕೊಳ್ಳುವುದಲ್ಲ, ಹೊರಗೆ ಹೋಗಿ ಮೈ ತಣಿಸಿಕೊಳ್ಳಬೇಕು. ಕೋಣೆಯಿಂದ ಹೊರಹೋಗಬಾರದು ಎಂದು ತಡೆಯುವ ಶಿಕ್ಷಕರ ಮಾತನ್ನು ಅಂಥ ಹೊತ್ತಿನಲ್ಲಿ ಕೇಳಬೇಕಾದ್ದಿಲ್ಲ.

ಸವಾಲು ಮುಗಿಸಿ ಕೆಲವು ವಾರ ಬಿಡುವು ಮಾಡಿದವರಿಗೆ ಇನ್ನೊಂದು ವಿಷಯ ತಿಳಿದಿರಬೇಕು. ಬಿಸಿಗೆ ಒಗ್ಗಿದ ದೇಹ ಆ ಒಗ್ಗಿಕೆಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಬಿಸಿಯಿಂದ ದೂರ ಉಳಿದ ಒಂದು ವಾರದಲ್ಲೇ ಅದು ಸಡಿಲವಾಗತೊಡಗಿ, ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಕರಗಿಹೋಗುತ್ತದೆ. ಆಸನಗಳ ನೆನಪು ಉಳಿದಿರುತ್ತದೆ, ರಕ್ತದ ದ್ರವಾಂಶ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೂರು ದಿನಗಳ ಪಟ್ಟಿ ತುಂಬಿದವರೂ ತಿಂಗಳು ಕಳೆದು ಆ ಕೋಣೆಗೆ ಮರಳುವಾಗ ಹೊಸಬರೇ. ಮೊದಲ ವಾರ ಬಾಗಿಲ ಬಳಿಯ ಜಾಗ ಹಿಡಿದು, ಅರ್ಧ ತರಗತಿ ಮಾಡಿ, ಉಳಿದರ್ಧ ಕುಳಿತು ನೋಡುವುದು ಅವರಿಗೆ ಸರಿಯಾದ ಆರಂಭ.